ಗುಡಿಸಿಟ್ಟ ತಾರಸಿ

ಬೊಮ್ಮನಹಳ್ಳಿಯಲ್ಲಿ ನಾನು ಕೆಲಸ ಮಾಡುವ ಗಾರ್ಮೆಂಟ್ಸ್ ಕಟ್ಟಡಕ್ಕೆ ನಾಲ್ಕು ಮಹಡಿ, ಮೇಲೊಂದು ತಾರಸಿ. ಕ್ಯಾಂಟೀನ್ ಇರುವುದು ಬೇಸ್‌ಮೆಂಟಿನಲ್ಲಿ, ಜನರೇಟರ್ ಕೋಣೆಯ ಪಕ್ಕ. ಅಲ್ಲಿ ಕಿಟಕಿ ಇಲ್ಲ. ಊಟದ ಬೆಲ್ ಆದರೆ ನಮ್ಮ ಲೈನಿನ ಹೆಂಗಸರು ಡಬ್ಬಿ ಹಿಡಿದು ಮೇಲಕ್ಕೆ ಹತ್ತುತ್ತಿದ್ದೆವು. ಇದಕ್ಕೆ ಯಾರೂ ಅನುಮತಿ ಕೊಟ್ಟಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿ ಕೂರುವುದು, ಪಲ್ಯ ಹಂಚಿಕೊಳ್ಳುವುದು, ತೊಳೆದ ಡಬ್ಬಿಗಳನ್ನು ಗೋಡೆಯ ಮೇಲೆ ಬೋರಲು ಹಾಕುವುದು. ಹೊಸೂರು ರಸ್ತೆಯ ಗದ್ದಲ ಅಲ್ಲಿಗೂ ಬರುತ್ತಿತ್ತು. ಆದರೆ ಗಾಳಿ ಇತ್ತು.

ಗಾಳಿ ಎಲ್ಲರಿಗಿಂತ ಹೆಚ್ಚು ಬೇಕಿದ್ದದ್ದು ಕಾಲರ್ ಕೂರಿಸುವ ಅಕ್ಕನಿಗೆ. ಕೊಪ್ಪಳದ ಕಡೆಯವರು, ಲೈನಿನಲ್ಲಿ ಹಿರಿಯರು. ಅವರ ಮೆಷಿನ್ ನನ್ನ ಚೆಕ್ಕಿಂಗ್ ಟೇಬಲ್ಲಿನ ಮುಂದೆಯೇ ಇದೆ. ಅವರಿಗೆ ದಮ್ಮು. ಬಟ್ಟೆಯ ದೂಳಿಗೆ ಮಧ್ಯಾಹ್ನದ ಹೊತ್ತಿಗೆ ಎದೆ ಕಟ್ಟುತ್ತದೆ. ಮೂರನೇ ಮಹಡಿಯಿಂದ ನಿಂತು ನಿಂತು ಹತ್ತಿ, ರೊಟ್ಟಿ ಬಿಚ್ಚುವ ಮೊದಲು ಗೋಡೆಗೆ ಕೈಯೂರಿ ಸುಮ್ಮನೆ ನಿಲ್ಲುತ್ತಿದ್ದರು. "ಇಷ್ಟ್ ಗಾಳಿ ಕುಡದ್ರ ಸಂಜಿತನಕ ಎಂಜಿನ್ ಓಡ್ತೈತಿ ನೋಡವಾ," ಎನ್ನುತ್ತಿದ್ದರು. ಓಡುತ್ತಿತ್ತು ಕೂಡ.

ಒಂದು ದಿನ ನಾವು ಊಟ ಮಾಡುತ್ತಿದ್ದಾಗ ಸೋಲಾರ್ ಕಂಪನಿಯ ಇಂಜಿನಿಯರ್ ಟೇಪ್ ಹಿಡಿದು ಬಂದರು. ಅಳತೆ ತೆಗೆಯುತ್ತಾ ಬಂದವರು ನಮ್ಮ ರಟ್ಟಿನ ಹತ್ತಿರ ನಿಂತು, "ಊಟ ಮಾಡ್ರಕ್ಕ, ನಾನು ಆ ಕಡೆಯಿಂದ ಬರ್ತೀನಿ," ಅಂದರು. ಮಾಲೀಕರು ತಾರಸಿಗೆಲ್ಲ ಪ್ಯಾನಲ್ ಹಾಕಿಸುತ್ತಿದ್ದಾರೆ, ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳು, ಅಂದರೆ ಬಯರ್‌ಗಳು, ಈಗ ಇದನ್ನೆಲ್ಲ ಕೇಳುತ್ತವೆ ಎಂದು ಅವರಿಂದಲೇ ಗೊತ್ತಾಯಿತು.

"ಹಂಗಾರ ನಾವೆಲ್ಲಿ ಕುಂದ್ರೂದ್ರಿ ಸರ?" ಅಕ್ಕ ಕೇಳಿದರು.

ಅವರು ಕೈಯಲ್ಲೇ ಎತ್ತರ ತೋರಿಸಿದರು. ಕಂಬ ಮೊಣಕಾಲೆತ್ತರ ಇಟ್ಟರೆ ಒಂದು ರೀತಿ, ಆಳೆತ್ತರ ಇಟ್ಟರೆ ಇನ್ನೊಂದು. "ಎತ್ತರಕ್ಕೆ ಹಾಕಿದ್ರೆ ಕೆಳಗೆ ಆರಾಮಾಗಿ ಕೂರ್ಬೋದು. ಕಬ್ಬಿಣ ಜಾಸ್ತಿ ಬೇಕು ಅಷ್ಟೇ. ಎರಡೂ ಬರೆದು ಕೊಡ್ತೀನಿ. ನೀವೂ ಒಂದ್ಮಾತು ಸಾರ್ ಹತ್ರ ಹೇಳಿ."

ಅವರು ಇಳಿದು ಹೋಗುವ ಮೊದಲೇ ನಮ್ಮಲ್ಲಿ ನೆರಳಿನ ಪಾಲು ಶುರುವಾಯಿತು.

"ಆ ಮೂಲೆ ನನ್ದು ಕಣೇ."

"ಹೂಂ, ನಿಮ್ಮಪ್ಪ ರಿಜಿಸ್ಟ್ರೇಷನ್ ಮಾಡ್ಸಿಟ್ಟವ್ನೆ!"

"ಕಂಪ್ನಿಯೋರೇ ಚಪ್ರ ಹಾಕಿಸ್ತಾವ್ರೆ, ಮದ್ವೆ ಯಾರ್ದು?"

"ಅಕ್ಕಂದು."

ಅಕ್ಕ ನಕ್ಕರು, ನಕ್ಕಿದ್ದಕ್ಕೆ ಕೆಮ್ಮಿದರು. "ಗಂಡನ್ನ ನೀವ ಹುಡುಕ್ರಿ. ದಮ್ ಇರೂವಂಥವ್ನ ತರ್ರಿ, ನನಗಂತೂ ಇಲ್ಲ."

ಮಾಲೀಕರು ತಾರಸಿ ನೋಡಲು ಬರುತ್ತಾರೆ ಎಂದು ಸೂಪರ್‌ವೈಸರ್ ಮುಂಚೆಯೇ ಹೇಳಿದ್ದರು. ಅಕ್ಕ ಮಾತಾಡುವುದು, ಜೊತೆಗೆ ನಾನು ಹೋಗುವುದು ಎಂದಾಯಿತು. ಹಿಂದಿನ ಸಂಜೆ ಹೆಂಗಸರೆಲ್ಲ ಸೇರಿ ತಾರಸಿ ಗುಡಿಸಿದೆವು. ಬಯರ್‌ಗಳು ಬರುವಾಗ ಮಾಡುವುದೇ ಹಾಗೆ: ಮೆಷಿನ್ ಒರೆಸುವುದು, ದಾರದ ತುಂಡು ಆಯುವುದು, ನೆಲದ ಮೇಲೆ ಒಂದು ಚಿಂದಿ ಕಾಣದಂತೆ ನೋಡಿಕೊಳ್ಳುವುದು. ಯಾರೂ ಎರಡನೇ ಸಲ ಯೋಚಿಸಲಿಲ್ಲ. ರಟ್ಟುಗಳು ಸ್ಕ್ರ್ಯಾಪಿಗೆ ಹೋದವು. ಕೈವಸ್ತ್ರ ಹಾಕಲು ಕಟ್ಟಿದ್ದ ಹಗ್ಗ ಬಿಚ್ಚಿದೆವು. ಅನ್ನ ಚೆಲ್ಲಿ ಜಿಡ್ಡಾಗಿದ್ದ ಜಾಗವನ್ನು ಸೋಪುಪುಡಿ ಹಾಕಿ ಉಜ್ಜಿದೆವು. ಜಾಗವನ್ನು ಚೆನ್ನಾಗಿ ಇಟ್ಟುಕೊಂಡಿದ್ದೇವೆ ಎಂದು ಕಾಣಬೇಕಿತ್ತು.

ಮರುದಿನ ತಾರಸಿಗೆ ಬಂದ ಮಾಲೀಕರು ಒಳ್ಳೆಯ ರೀತಿಯಲ್ಲೇ ಕೇಳಿದರು. "ಏನಮ್ಮ, ಹೇಳಿ."

"ನಾವು ದಿನಾ ಇಲ್ಲೇ ಉಣ್ತೀವ್ರಿ ಸರ. ಕಂಬ ಸ್ವಲ್ಪ ಎತ್ತರ ಮಾಡಿಸಿದ್ರ..." ಮೆಟ್ಟಿಲು ಹತ್ತಿದ ಉಬ್ಬಸಕ್ಕೆ ಅಕ್ಕನ ಮಾತು ಅಲ್ಲಿಗೆ ನಿಂತಿತು.

ಅವರು ಸುತ್ತಲೂ ನೋಡಿದರು. ಬಿಸಿಲಿಗೆ ತಾರಸಿ ಬೆಳ್ಳಗೆ ಹೊಳೆಯುತ್ತಿತ್ತು. "ಇಲ್ಲೆಲ್ಲಿ ಊಟ ಮಾಡ್ತೀರಮ್ಮ? ಪೂರ್ತಿ ಖಾಲಿ ಇದೆಯಲ್ಲ."

ಟ್ಯಾಂಕಿನ ಬುಡವನ್ನು ನಾನು ತೋರಿಸಿದೆ. ಅಲ್ಲಿಯೂ ಏನೂ ಇರಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಮಧ್ಯೆ ಬಂದು, "ಯಾವಾಗ್ಲೋ ಒಂದಿಬ್ರು ಬಂದು ಕೂರ್ತಾರೆ ಸಾರ್. ಕರೆಂಟ್ ವೈರ್ ಕೆಳಗೆ ಜನ ಇರೋದು ಸೇಫ್ ಅಲ್ಲ," ಅಂದರು. ಮಾಲೀಕರು ತಲೆಯಾಡಿಸಿದರು. "ನೆರಳು ಬೇಕಂದ್ರೆ ಕ್ಯಾಂಟೀನ್ ಇದೆಯಲ್ಲಮ್ಮ. ಕೆಳಗೆಲ್ಲ ನೆರಳೇ." ಅವರು ವ್ಯಂಗ್ಯ ಮಾಡಲಿಲ್ಲ. ಹಾಗೆಂದೇ ನಂಬಿದ್ದರು.

ಇಂಜಿನಿಯರ್ ಎತ್ತರದ ಕಂಬದ ನಕ್ಷೆ ಕೊಟ್ಟಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲಸ ನಡೆದಾಗ ಅವರು ಒಮ್ಮೆ ಮಾತ್ರ ಕಂಡರು, ನಮ್ಮ ಕಡೆ ನೋಡಲಿಲ್ಲ. ಕಂಬಗಳು ಮೊಣಕಾಲೆತ್ತರಕ್ಕೆ ಬಂದವು. ಪ್ಯಾನಲ್‌ಗಳು ಟ್ಯಾಂಕಿನ ತನಕ ಬಂದವು. ತಾರಸಿಯ ಕಬ್ಬಿಣದ ಬಾಗಿಲಿಗೆ ಬೀಗ ಬಿತ್ತು. ಪೈಪ್ ಹಿಡಿದು ಪ್ಯಾನಲ್ ತೊಳೆಯುವವರು ಬಂದಾಗ ಮಾತ್ರ ಅದು ತೆರೆಯುತ್ತದೆ.

ಬಾಗಿಲ ಕೆಳಗೆ ಅಂಗೈ ತೂರುವಷ್ಟು ಸಂದಿ ಇದೆ. ಕೆಲವು ದಿನ ಅಕ್ಕ ಕೊನೆಯ ಮೆಟ್ಟಿಲ ಮೇಲೆ, ಆ ಸಂದಿಗೆ ಮುಖ ಮಾಡಿ ಕೂತು ಉಂಡರು. ಮಿಕ್ಕವರು ಕೆಳಗಿನ ಮೆಟ್ಟಿಲುಗಳಲ್ಲಿ. ಬರುವ ಗಾಳಿ ಕಾದಿರುತ್ತಿತ್ತು, ಆದರೂ ಅವರು ಅದಕ್ಕೆ ಬೆನ್ನು ತಿರುಗಿಸುತ್ತಿರಲಿಲ್ಲ. ಆಮೇಲೆ ಬಯರ್‌ಗಳು ಪ್ಯಾನಲ್ ನೋಡಲು ಬರುತ್ತಾರೆ ಎಂದಾಯಿತು. ಮೆಟ್ಟಿಲುಗಳನ್ನೂ ನಾವೇ ಗುಡಿಸಿದೆವು. ಬಂದವರು ಮೆಚ್ಚಿಕೊಂಡು ಹೋದರು. ಬೆಂಕಿ ಬಿದ್ದರೆ ಓಡಲು ದಾರಿ ಬೇಕು, ಮೆಟ್ಟಿಲ ಮೇಲೆ ಯಾರೂ ಕೂರಬಾರದು ಎಂಬ ಬೋರ್ಡ್ ಅದಾದ ಮೇಲೆ ಬಂತು. ಅದು ಸರಿಯಾದ ನಿಯಮವೇ.

ಈಗ ಎಲ್ಲರೂ ಬೇಸ್‌ಮೆಂಟಿನಲ್ಲಿ ಉಣ್ಣುತ್ತೇವೆ. ಅಕ್ಕ ಅರ್ಧ ರೊಟ್ಟಿ ತಿಂದು ಡಬ್ಬಿ ಮುಚ್ಚುತ್ತಾರೆ. ಕೆಲಸ ಬಿಡಿ ಎಂದು ಒಮ್ಮೆ ಅಂದೆ. "ಬಿಟ್ಟು ಎಲ್ಲಿ ಹೋಗ್ಲೆವಾ? ಮತ್ತೊಂದು ಗಾರ್ಮೆಂಟ್ಸಿಗೆ ತಾನ," ಅಂದರು.

ಸೋಲಾರ್ ಬಂದ ಮೇಲೂ ಕರೆಂಟ್ ಹೋಗುವುದು ನಿಂತಿಲ್ಲ. ಹೋದಾಗ ಜನರೇಟರ್ ಹಿಡಿಯುವ ತನಕ ಇಡೀ ಮಹಡಿಯ ಮೆಷಿನ್‌ಗಳು ಒಟ್ಟಿಗೆ ನಿಲ್ಲುತ್ತವೆ. ಆಗ ಅಕ್ಕನ ಎದೆಯ ಸುಯ್‌ಗುಡುವ ಸದ್ದು ನನ್ನ ಟೇಬಲ್ಲಿನ ತನಕ ಕೇಳಿಸುತ್ತದೆ. ಸುತ್ತಲಿನವರಿಗೂ ಕೇಳಿಸುತ್ತದೆ. ಎಲ್ಲರೂ ಕೈಯಲ್ಲಿರುವ ಪೀಸ್ ನೋಡುತ್ತಾ ಕೂರುತ್ತೇವೆ. ಆಮೇಲೆ ಮೆಷಿನ್‌ಗಳು ಶುರುವಾಗುತ್ತವೆ.