ಅತ್ತಿಯ ಬಸವನಹುಳು

ಇವತ್ತು ಮುಂಜಾನೆ ಹಿತ್ತಲಿನ ನೀರಿನ ತೊಟ್ಟಿ ತಿಕ್ಕಲು ಕುಳಿತಿದ್ದೆ. ಪಾಚಿಯ ಹಸಿ ವಾಸನೆ ಮೂಗಿಗೆ ಬಡಿಯಿತು ನೋಡಿ, ಹಾನಗಲ್ಲಿನ ನನ್ನ ಹಿತ್ತಲು ಮರೆತೇಹೋಗಿ ಶಿಗ್ಗಾಂವಿಯ ಮಾಮಾನ ಪಡಸಾಲೆ ಕಣ್ಣ ಮುಂದೆ ಬಂತು. ಕೆಲಸ ಬಿಡಲು ನನಗೆ ಇಷ್ಟು ನೆಪ ಸಾಕು. ಬನ್ನಿ, ನೀವೂ ಕುಳಿತುಕೊಳ್ಳಿ.

ಮಾಮಾ ಅಂದರೆ ನನ್ನ ಸೋದರಮಾವ, ಪಂಪ್‌ಸೆಟ್ ರಿಪೇರಿಯವರು. ಒಮ್ಮೆ ಕಾರವಾರದ ಸಮುದ್ರ ನೋಡಿ ಬಂದವರೇ ಅದನ್ನು ಮನೆಗೆ ತರುವ ಹಟ ಹಿಡಿದರು. ಗಾಜಿನ ತೊಟ್ಟಿ ಬಂತು, ಚೀಲದ ತುಂಬ ಉಪ್ಪು ಬಂತು, ಕೇಸರಿ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು ಬಂದವು. ಸೂರ್ಯದೇವನ ಬೆಳಕು ಬಿದ್ದರೆ ಒಳ್ಳೆಯದೆಂದು ತೊಟ್ಟಿಯನ್ನು ಮೂಡಣ ಕಿಟಕಿಗೆ ಹಚ್ಚಿ ಇಟ್ಟರು. ಕೆಲವೇ ವಾರಗಳಲ್ಲಿ ಗಾಜೆಲ್ಲ ಹಸಿರು! ಮೀನು ನೋಡಲು ಬಂದವರು ಪಾಚಿ ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

"ಇದು ತಿಳಿ ಆಗಲಿಲ್ಲಂದ್ರ ಮೀನು ವಾಪಸ್ ಕೊಟ್ಟು ಬರ್ತೇನಿ," ಎಂದು ಮಾಮಾ ಮುಖ ಸಣ್ಣದು ಮಾಡಿದರು. ಆಗ ಮೀನಿನ ಅಂಗಡಿಯವನು ಕೊಟ್ಟು ಕಳಿಸಿದ್ದು ಸಮುದ್ರದ ಬಸವನಹುಳುಗಳನ್ನು. ಪಾಚಿ ಮೇಯುವುದೇ ಅವುಗಳ ಕೆಲಸವಂತೆ.

ಮಾಮಾನ ಹೆಂಡತಿ, ನಮ್ಮ ಅತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. "ಮೀನ ಸಾಕಿದ್ದ ಸಾಲಲಿಲ್ಲೇನ್ರಿ? ಲಿಂಗಪೂಜಿ ಮಾಡೋ ಮನಿಯಾಗ ಈಗ ಹುಳಾನೂ ತಂದ್ರಿ?"

"ಅವು ಬರೇ ಹಸರ ತಿಂತಾವ, ನಿನ್ನಂಗ," ಎಂದರು ಮಾಮಾ.

ಅತ್ತಿ ಹಿರೇಬೆಂಡಿಗೇರಿಯ ರೈತರ ಮಗಳು. ಅಕ್ಕಿ ಆರಿಸುತ್ತ ತೊಟ್ಟಿಯ ಮುಂದೆ ಕುಳಿತವರು, ಹುಳು ಹೋದಲ್ಲೆಲ್ಲ ಗಾಜು ತಿಳಿಯಾಗಿ ಅದರೊಳಗಿಂದ ಮೀನಿನ ಮುಖ ಕಾಣುವುದನ್ನು ನೋಡಿ ಕರಗಿಯೇಬಿಟ್ಟರು. "ಅಯ್ಯ, ಎತ್ತು ಹೊಲಾ ಹರಗಿದಂಗ ಹರಗತಾವಲ್ರಿ!"

ಎತ್ತು ಅಂದಮೇಲೆ ಮುಗಿಯಿತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ; ಮೈತೊಳೆದು, ಮೇವು ಹಾಕಿ, ಆರಾಮ ಬಿಡುತ್ತಾರೆ. ನಾನು ಶಾಲೆಯ ರಜೆಗೆ ಅಲ್ಲಿಗೆ ಹೋಗಿದ್ದಾಗಿನ ಸೋಮವಾರ ಅತ್ತಿ ಅಷ್ಟೂ ಹುಳುಗಳನ್ನು ತೆಗೆದು, ಬೋಗುಣಿಯ ಬಾವಿ ನೀರಿನಲ್ಲಿ ಮೀಯಿಸಿ, ಮುಂದೆ ಕೊತ್ತಂಬರಿ ಇಟ್ಟರು. ನಾನೂ ಪಕ್ಕದಲ್ಲಿ ಕುಳಿತು ದೊಡ್ಡ ತಿಳಿವಳಿಕೆಯವಳಂತೆ ಗೋಣು ಹಾಕಿದೆ. ಉಪ್ಪು ನೀರಿನ ಜೀವಕ್ಕೆ ಸಿಹಿ ನೀರು ವಿಷ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಊಟಕ್ಕೆ ಬಂದ ಮಾಮಾ ಹೌಹಾರಿದರು. ಹುಳುಗಳು ಚಿಪ್ಪು ಮುಚ್ಚಿಕೊಂಡು ತಳದಲ್ಲಿ ಕಲ್ಲಿನಂತೆ ಬಿದ್ದಿದ್ದವು. ಮಾಮಾ ಲಗುಬಗೆಯಿಂದ ತೊಟ್ಟಿಗೆ ಬಿಟ್ಟರೂ ಒಂದೂ ಅಲ್ಲಾಡಲಿಲ್ಲ. ಅತ್ತಿ ತಾಟು ಮುಟ್ಟಲಿಲ್ಲ. "ದುಡಿಯೋ ಜೀವಕ್ಕ ಒಂದಿನ ಆರಾಮ ಕೊಡಾಕ ಹೋಗಿ ಕೊಂದೆನಲ್ಲೋ ಯಪ್ಪಾ," ಎಂದು ಅಳುತ್ತ ಕುಳಿತರು. ನನಗೂ ಅಳು. ಗಾಜಿಗೆ ಮೂಗು ಹಚ್ಚಿ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ದೀಪ ಹಚ್ಚುವ ಹೊತ್ತಿಗೆ ಒಂದು ಹುಳು ಮೆಲ್ಲಗೆ ಮೈ ಹೊರಚಾಚಿತು. ಆಮೇಲೆ ಒಂದೊಂದಾಗಿ ಉಳಿದವು. ಒಂದು ಮಾತ್ರ ಏಳಲೇ ಇಲ್ಲ. ಅದನ್ನು ಅತ್ತಿ ತುಳಸಿಯ ಬುಡದಲ್ಲಿ ಹೂತರು.

ಮಾಮಾ ಬೈಯುತ್ತಾರೆಂದು ನಾನು ಮುದುಡಿ ಕುಳಿತಿದ್ದೆ. ಅವರು ಅತ್ತಿಯ ಹಳೆಯ ಇಳಕಲ್ ಸೀರೆ ತಂದು ಮೂಡಣ ಕಿಟಕಿಗೆ ಕಟ್ಟಿದರು. "ರಜಾ ಕೊಡು, ಬ್ಯಾಡ ಅನ್ನೂದಿಲ್ಲ. ಆದ್ರ ನೀರಾಗಿಂದ ತಗೀಬ್ಯಾಡ. ಸೋಮವಾರ ಪರದೆ ಹಾಕೂಣು, ನೆಳ್ಳಾಗ ಅಲ್ಲೇ ಮಲಗಲಿ."

ಕಟ್ಟಿದ ಪರದೆ ಬಿಚ್ಚಲು ಮರೆತು ವಾರ ಕಳೆಯುವಷ್ಟರಲ್ಲಿ ಪಾಚಿ ಇಳಿಯತೊಡಗಿತು. ಪಾಚಿಯನ್ನು ಸಾಕಿದ್ದು ಬಿಸಿಲೆಂದು ಮಾಮಾಗೆ ಆಗ ಹೊಳೆಯಿತು. ದಿನಾಲೂ ಪರದೆ ಇರಲಿ ಎಂದರೆ ಅತ್ತಿ ಒಪ್ಪಬೇಕಲ್ಲ! "ಮೇವಿಲ್ಲದ ಗ್ವಾದಲಿಗೆ ಎತ್ತು ಕಟ್ಟೋದು ಯಾವ ನ್ಯಾಯರೀ?" ಕಡೆಗೆ, ಪರದೆ ದಿನಾಲೂ, ಆದರೆ ಹಿಂದಿನ ಗಾಜನ್ನು ಯಾರೂ ತಿಕ್ಕಬಾರದು, ಅದು ಹುಳುಗಳ ಪಾಲು ಎಂದು ತೀರ್ಮಾನವಾಯಿತು. ಮೀನುಗಳು ವಾಪಸ್ ಹೋಗದೆ ಮನೆಯಲ್ಲೇ ಉಳಿದವು.

ಇದೆಲ್ಲ ನೆನಪಾಗಿ, ಒದ್ದೆ ಕೈಯಲ್ಲೇ ಫೋನ್ ಹಚ್ಚಿದೆ. ಎತ್ತಿದವರು ಮಾಮಾ.

"ಅತ್ತಿಗೆ ಕೊಡ್ರಿ ಮಾಮಾ."

"ಆಕಿ ಮಲಗ್ಯಾಳವ್ವಾ. ಇವತ್ತ ಸೋಮವಾರಲ್ಲೇನ? ನಾ ರೊಟ್ಟಿ ಬಡಿಯಾಕತ್ತೇನಿ."

"ನೀವಾ? ಯಾವಾಗಿಂದ?"

"ಒಂದ ಸೋಮವಾರ ಹುಳದ ಮುಂದ ನಿಂತಿದ್ದೆ. ಒಳಗ ಆಕಿ ರೊಟ್ಟಿ ಬಡಿಯೋ ಸಪ್ಪಳ ಬರ್ತಿತ್ತು. ಹೋಗಿ ಆಕಿ ಕೈಯಾಗಿನ ಹಿಟ್ಟ ಕಸ್ಕೊಂಡೆ ನೋಡು. ಇಷ್ಟ ವರ್ಷ ಹುಳಕ್ಕ ರಜಾ ಕೇಳಿದಾಕಿ, ತನಗ ಒಂದಿನ ಕೇಳಲಿಲ್ಲಲ್ಲ ಯವ್ವಾ."

ಫೋನ್ ಇಟ್ಟು, ಅರ್ಧ ಹಸಿರಾಗಿಯೇ ಉಳಿದ ತೊಟ್ಟಿಯನ್ನು ನೋಡಿದೆ. ಕೈಯಲ್ಲಿನ ಬ್ರಷ್ ಕೆಳಗಿಟ್ಟು, ಒಳಗೆ ಪೇಪರ್ ಓದುತ್ತ ಕುಳಿತಿದ್ದ ನಮ್ಮ ಮನೆಯವರನ್ನು ಕೂಗಿದೆ:

"ಏನ್ರೀ, ಇವತ್ತ ಸೋಮವಾರ. ಚಹಾ ನೀವ ಇಡ್ರಿ."