ಹಸಿ ಬಣ್ಣದ ಮೇಲೆ ವಿಭೂತಿ

ಗದಗಿಗೆ ಬಂದ ಮೇಲೆ ನಾನು ಬರೆದ ಮೊದಲ ಚಿತ್ರಕ್ಕೆ ಸಂಜೆಯೊಳಗೆ ಕೂದಲು ಹುಟ್ಟಿತ್ತು.

ಸುಳ್ಳು ಹೇಳುತ್ತಿಲ್ಲ. ಬೆಳಿಗ್ಗೆ ನೆನಪಿನಿಂದಲೇ ನಮ್ಮ ಕುಕ್ಕರಹಳ್ಳಿ ಕೆರೆಯನ್ನು ಎಣ್ಣೆಬಣ್ಣದಲ್ಲಿ ಬರೆದು, ಒಣಗಲೆಂದು ಹಿತ್ತಲಿನ ಗೋಡೆಗೆ ಒರಗಿಸಿ ಒಲೆಯ ಕಡೆ ಹೋಗಿದ್ದೆ. ಬಂದು ನೋಡಿದರೆ ನೀರಿನ ಮೇಲೆ, ದಡದ ಮೇಲೆ, ಆಕಾಶದ ಮೇಲೆ ಬಿಳಿಯ ನವಿರು ಎದ್ದು ನಿಂತಿದೆ. ನಾನು ಕಿರುಚಿದ್ದಕ್ಕೆ ಮನೆಯ ಒಡತಿ ಗಂಗವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ಓಡಿ ಬಂದರು. ಚಿತ್ರವನ್ನು ನೋಡಿ ಸಮಾಧಾನವಾಗಿ ಹೇಳಿದರು: “ಹತ್ತಿ ಹಾರಿ ಕುಂತೈತಿ, ಅಷ್ಟ. ಹತ್ತಿ ಸುಗ್ಗಿ ಬಂದ್ರ ನಮ್ಮ ಸಾರಿನ್ಯಾಗೂ ಹತ್ತಿ ಇರತೈತ್ರಿ. ನಿಮ್ಮ ಚಿತ್ರ ಯಾವ ದೊಡ್ಡದು?”

ಮೈಸೂರಿನಲ್ಲಿ ಎಣ್ಣೆಚಿತ್ರಕ್ಕೆ ನಾವು ಹೆದರುತ್ತಿದ್ದದ್ದು ಮಳೆಗಾಲದ ಬೂಷ್ಟಿಗೆ. ಇಲ್ಲಿ ಹತ್ತಿ ಹಿಂಜುವ ಕಾರ್ಖಾನೆಗಳು ಶುರುವಾದರೆ ಗಾಳಿಗೇ ಎಳೆ ಬರುತ್ತದೆ. ಬಣ್ಣ ಕಲಸುವ ಚಾಕು ತೆಗೆದುಕೊಂಡು ಸಿಟ್ಟಿನಿಂದ ಕೆರೆಯನ್ನು ಕೆರೆಯತೊಡಗಿದೆ. ಅರ್ಧ ಕೆರೆಯುವಷ್ಟರಲ್ಲಿ ಕೈ ನಿಂತಿತು. ನೀಲಿ, ಕಂದು, ಕಪ್ಪು ಎಲ್ಲ ಸೇರಿ ಚಾಕುವಿನ ಕೆಳಗೆ ದಪ್ಪಗೆ ಮಡಿಕೆ ಮಡಿಕೆಯಾಗಿ ಬಿದ್ದಿದ್ದವು. ರೈಲಿನ ಕಿಟಕಿಯಲ್ಲಿ ಎರಡು ದಿನದ ಹಿಂದಷ್ಟೇ ಕಂಡಿದ್ದ ಎರೆಭೂಮಿ ಅದು. ಉತ್ತ ಎರೆಹೊಲವನ್ನು ಕುಂಚದಲ್ಲಿ ಹೇಗೆ ಬರೆಯುವುದೆಂದು ರೈಲಿನಲ್ಲೇ ಯೋಚಿಸಿ ಸೋತಿದ್ದೆ. ಚಾಕು ಅದನ್ನು ತಾನಾಗಿ ಬರೆದಿತ್ತು. ಮೇಲರ್ಧ ಮೈಸೂರಿನ ಕೆರೆ, ಕೆಳಗರ್ಧ ಗದಗಿನ ಹೊಲ, ನಡುವೆ ಹತ್ತಿ. ಆ ಚಿತ್ರವನ್ನು ಎಸೆಯಲು ಮನಸ್ಸಾಗಲಿಲ್ಲ.

ನಾವು ಇಲ್ಲಿಗೆ ಬಂದದ್ದಾದರೂ ಹೇಗೆ? ನಮ್ಮ ಯಜಮಾನರು ಮೈಸೂರು ಸಂಸ್ಥಾನದ ರೈಲಿನಲ್ಲಿ ಗುಮಾಸ್ತರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನದ ರೈಲನ್ನು ದೇಶದ ರೈಲಿಗೆ ಸೇರಿಸಿದರು, ಸೇರಿಸಿದ ಬೆನ್ನಿಗೇ ವರ್ಗದ ಕಾಗದ ಬಂತು. ಗದಗು ಆಗ ಮುಂಬಯಿ ಸರ್ಕಾರದ ಸೀಮೆ. “ಅಲ್ಲೂ ಕನ್ನಡವೇ ಕಣೇ” ಎಂದು ಯಜಮಾನರು ಧೈರ್ಯ ಹೇಳಿದ್ದರು. ಕನ್ನಡವೇನೋ ಹೌದು. ಆದರೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಮಗ್ಗದ ಓಣಿಯಲ್ಲಿ ಮನೆ ಹಿಡಿದ ಮೊದಲ ವಾರ, ಸುತ್ತ ಎಲ್ಲರೂ ಜಗಳವಾಡುತ್ತಿದ್ದಾರೆ ಎಂದೇ ತಿಳಿದಿದ್ದೆ. ಅವರು ನನ್ನನ್ನು ಊಟಕ್ಕೆ ಕರೆಯುತ್ತಿದ್ದರು.

ಊಟವೆಂದರೆ ಜೋಳದ ರೊಟ್ಟಿ. ನನ್ನ ಕೈಯಲ್ಲಿ ಅದು ಹರಿಯುತ್ತಿತ್ತು, ಒಡೆಯುತ್ತಿತ್ತು, ಕೊನೆಗೆ ನನ್ನನ್ನೇ ಅಳಿಸುತ್ತಿತ್ತು. ನಾಲ್ಕನೆಯ ತಿಂಗಳು ಒಂದು ರೊಟ್ಟಿ ದುಂಡಗೆ ಬಂದಾಗ ಅದನ್ನು ತಿನ್ನಲು ಬಿಡದೆ ಯಜಮಾನರಿಗೆ ಬರೀ ತೋರಿಸಿದೆ. ಕಾಫಿಗಾಗಿ ಮಾತ್ರ ನಾಚಿಕೆಯಿಲ್ಲದೆ ಅಳುತ್ತಿದ್ದೆ. ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಸದ್ದು ಮಾಡುವಾಗ, ಆ ಸದ್ದಿನೊಳಗೆ ನನ್ನ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲವಲ್ಲ ಎನ್ನಿಸುತ್ತಿತ್ತು. ಎಲ್ಲರಿಗೂ ನಾನು ‘ಮೈಸೂರು ಬಾಯಾರು’, ಮೈಸೂರಿನ ಅಮ್ಮಾವ್ರು.

ಒಂದು ದಿನ ಗಂಗವ್ವ ಬಣ್ಣಕ್ಕೆ ಬೆರೆಸುವ ನನ್ನ ಎಣ್ಣೆಯ ಶೀಷೆಯನ್ನು ಮೂಸಿ ನೋಡಿ ನಕ್ಕರು. “ಇದು ಅಗಸಿ ಎಣ್ಣಿ ಅಲ್ಲೇನ್ರಿ? ಅಗಸಿ ಚಟ್ನಿ ನಾವು ದಿನಾ ತಿಂತೀವಿ. ಗಾಣದಾಗ ಬೇಕಾದಷ್ಟು ಸಿಗತೈತಿ.” ಅಪ್ಪ ಮೈಸೂರಿನಲ್ಲಿ ಔಷಧದಂತೆ ಹನಿ ಹನಿ ಬಳಸುತ್ತಿದ್ದ ಎಣ್ಣೆ ಇಲ್ಲಿ ತಂಬಿಗೆಯಲ್ಲಿ ಸಿಗುತ್ತದೆಂದರೆ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗಾಣದ ಹಸಿ ಎಣ್ಣೆ ಬೇಗ ಒಣಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಅಪ್ಪನ ವಿಷಯ ಹೇಳಬೇಕು. ನನಗೆ ಕುಂಚ ಹಿಡಿಸಿದವರು ಅವರೇ. ನುಣುಪು ಕೆಲಸದ ಚಿತ್ರಗಾರರು; ಗಲ್ಲದ ಮೇಲೆ ಕುಂಚದ ಗುರುತು ಕಂಡರೆ ಊಟ ಬಿಡುವ ಜಾತಿ. “ಚಾಕು ಇರೋದು ಬಣ್ಣ ಕಲಸೋಕೆ, ಬಳಿಯೋಕಲ್ಲ” ಎನ್ನುತ್ತಿದ್ದರು. “ಒಣಗದ ಚಿತ್ರ ಮುಟ್ಟಿದವರ ಕೈ ಮುರೀಬೇಕು” ಎಂದೂ ಅನ್ನುತ್ತಿದ್ದರು. ನಾನು ಹೊರಟ ದಿನ ಬಣ್ಣದ ಪೆಟ್ಟಿಗೆಯನ್ನು ಕೈಗೆ ಕೊಟ್ಟು, “ಆ ಊರಲ್ಲಿ ಇದನ್ನ ಕೇಳೋರು ಯಾರಮ್ಮಾ? ಮುಚ್ಚಿಡಬೇಕಾಗುತ್ತೇನೋ” ಎಂದಿದ್ದರು. ಆ ಮಾತು ಎದೆಯಲ್ಲಿ ಚುಚ್ಚಿಕೊಂಡೇ ಬಂದಿತ್ತು. ಈ ಊರಲ್ಲಿ ನಾನು ಚಿತ್ರಗಾರ್ತಿಯಾಗಿ ಉಳಿಯುತ್ತೇನೋ, ಗುಮಾಸ್ತರ ಹೆಂಡತಿ ಮಾತ್ರವಾಗುತ್ತೇನೋ ಎಂಬುದೊಂದೇ ನನ್ನ ಚಿಂತೆ.

ಕೇಳುವವರನ್ನು ತಂದವರು ಗಂಗವ್ವ. ಅವರು ಕಂಡಿಕೆ ಸುತ್ತಿ ಕೊಡುತ್ತಿದ್ದದ್ದು ಸೀರೆ ವ್ಯಾಪಾರದ ವೀರಭದ್ರಪ್ಪ ಸಾವಕಾರರಿಗೆ. ಸಾವಕಾರರಿಗೆ ಎಣ್ಣೆಚಿತ್ರ ಕೂಡಿಡುವ ಹುಚ್ಚು. ಮುಂಬಯಿಗೆ ಸೀರೆ ಒಯ್ದಾಗಲೆಲ್ಲ ಒಂದು ಚಿತ್ರ ಹಿಡಿದುಕೊಂಡೇ ಬರುವವರು. ಪಡಸಾಲೆಯ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗವಿರಲಿಲ್ಲ. ಚಾಕುವಿನಿಂದಲೇ ಬರೆದು ನಾನು ಒಯ್ದ ಒಂದು ಎರೆಹೊಲದ ಚಿತ್ರದ ಮೇಲೆ ಅವರು ಹೆಬ್ಬೆರಳು ಆಡಿಸಿದರು. ಸೀರೆಯ ಪೋತ, ನೇಯ್ಗೆಯ ನಯ, ನೋಡುವ ಬೆರಳು ಅದು. ಚಾಕುವಿನ ದಪ್ಪಕ್ಕೆ ಬೆರಳು ತಡೆಯಿತು.

“ಇದೇನ್ರಿ ಬಾಯಾರ, ಗ್ವಾಡಿಗೆ ಗಿಲಾವ ಮಾಡಿದಂಗ ಐತಿ. ನಮಗ ನುಣ್ಣಗ ಇರಬೇಕ್ರಿ” ಎಂದರು. ಆಮೇಲೆ ದನಿ ತಗ್ಗಿಸಿ, “ನಮ್ಮವ್ವನ ಚಿತ್ರ ಬೇಕು. ನಾ ಸಣ್ಣಾಂವ ಇದ್ದಾಗ ಹ್ವಾದ್ಲು. ಫೋಟೋ ಇಲ್ಲ. ಮುಂಬಯಿಯಾಗ ಕೇಳಿದ್ರ, ಫೋಟೋ ಇಲ್ಲದ ಆಗೂದಿಲ್ಲ ಅಂದ್ರು. ನಿಮ್ಮಿಂದ ಆಗತೈತೇನು?”

ಆಗುತ್ತದೆ ಎಂದುಬಿಟ್ಟೆ. ಬಾಯಿ ನನ್ನದು ಮೊದಲಿನಿಂದ ಹಾಗೇ.

ಅವರ ತಾಯಿ ನೀಲವ್ವ. ನೀಲವ್ವನ ತಂಗಿ, ಸಾವಕಾರರ ಚಿಗವ್ವ, ಎಂದರೆ ಚಿಕ್ಕಮ್ಮ, ಶಿರಹಟ್ಟಿಯಲ್ಲಿದ್ದರು. ಅಕ್ಕತಂಗಿಯರದು ಒಂದೇ ಮುಖವಂತೆ. ಧೂಳು ಕುಡಿಯುತ್ತ ಮೋಟಾರಿನಲ್ಲಿ ಹೋದೆ. ಚಿಗವ್ವ ಕಟ್ಟೆಯ ಮೇಲೆ ಕೂತು ಒಂದು ಗಳಿಗೆಯೂ ಸುಮ್ಮನಿರದೆ ಮಾತಾಡಿದರು. “ಆಗ ಇದು ಬ್ಯಾರೆ ರಾಜಾನ ಸಂಸ್ಥಾನ ಯವ್ವಾ. ಅಕ್ಕನ ಮನಿಗೆ ಹೋಗಬೇಕಂದ್ರ ಗಡಿ ನಾಕೇದಾಗ ಸುಂಕದಾವ್ರಿಗೆ ಗಂಟು ಬಿಚ್ಚಿ ತೋರಸಬೇಕಿತ್ತು. ಈಗ ನೀ ಹೆಂಗ ಬಂದಿ ನೋಡು, ಯಾರೂ ಕೇಳಲಿಲ್ಲ. ನಮ್ಮಕ್ಕಗ ಸಾವಕಾಶ ಅನ್ನೂದ ಗೊತ್ತಿದ್ದಿಲ್ಲ. ಜಳಕ ಆತಂದ್ರ ವಿಭೂತಿ ಹಚ್ಚಿಕೊಂತನ ಮಗ್ಗದ ಕಡಿಗೆ ಓಡಾಕಿ. ಅರ್ಧ ಹಣಿ ಮ್ಯಾಲ, ಅರ್ಧ ಮೂಗಿನ ಮ್ಯಾಲ.” ನಾನು ಹೂಂ ಹೂಂ ಎನ್ನುತ್ತ ಅವರ ಗಲ್ಲದ ಅಳತೆ ಹಿಡಿಯುತ್ತಿದ್ದೆ. ಮುದುಕಿ ಮಾತು ನಿಲ್ಲಿಸಿದರೆ ತುಟಿ ಬರೆಯಬಹುದಿತ್ತಲ್ಲ ಎಂದು ಒಳಗೊಳಗೇ ಸಿಡುಕುತ್ತಿದ್ದೆ.

ಮನೆಗೆ ಬಂದು ಚಾಕು ಮುಟ್ಟದೆ, ಬರೀ ಕುಂಚದಲ್ಲಿ, ಅಪ್ಪ ಮೆಚ್ಚುವಂತೆ ಬರೆದೆ. ನುಣುಪು ಬರಲೆಂದು ಗಾಣದ ಎಣ್ಣೆ ಧಾರಾಳವಾಗಿ ಸೇರಿಸಿದೆ. ಹಣೆಯ ಮೇಲೆ ಸಣ್ಣ ಕುಂಚದಿಂದ ಮೂರು ನೇರ ಗೆರೆ ವಿಭೂತಿ. ಹತ್ತಿ ಕೂರದಂತೆ ಹಳೆಯ ಪಂಚೆಯ ಪರದೆ ಕಟ್ಟಿ ಕಾದೆ. ನೀಲವ್ವ ತೀರಿಕೊಂಡ ದಿನದ ಪೂಜೆಗೆ ಚಿತ್ರ ಬೇಕಿತ್ತು; ಆ ದಿನ ಹತ್ತಿರ ಬಂದರೂ ಅದು ಒಣಗಲಿಲ್ಲ. ಮುಟ್ಟಬಾರದು ಎಂದು ಹತ್ತು ಸಲ ಹೇಳಿ ಹಿಂದಿನ ದಿನ ಸಾವಕಾರರ ಪಡಸಾಲೆಯಲ್ಲಿ ಇಟ್ಟೆ.

ಸಾವಕಾರರು ತುಂಬ ಹೊತ್ತು ನೋಡಿದರು. “ಚಂದ ಐತ್ರಿ ಬಾಯಾರ” ಎಂದರು. ಮತ್ತೆ ನೋಡಿದರು. “ಖರೆ, ಯಾರಿವರು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮನುಷ್ಯ ನನಗೆ ನೋವಾಗದಿರಲೆಂದು ಮೆಲ್ಲಗೆ ಕೇಳಿದರು, ಅದೇ ತಾಳಲಾಗಲಿಲ್ಲ. ಬೀಗರನ್ನು ಕರೆದಾಗಿದೆ, ನಾಳೆಯ ಪೂಜೆಗೆ ಇರಲಿ, ಆಮೇಲೆ ನೀವೇ ಒಯ್ಯಿರಿ ಎಂದರು. ಮನೆಗೆ ಬಂದು ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಯಜಮಾನರು ಅಂದಿನ ಅಡುಗೆ ತಾವೇ ಮಾಡಿದರು.

ಮರುದಿನ ಹೋಗಲೇಬಾರದು ಎಂದಿದ್ದೆ. “ಚಿತ್ರ ತರಾಕ ಆದ್ರೂ ಹೋಗಬೇಕಲ್ರಿ” ಎಂದು ಗಂಗವ್ವ ಕೈ ಹಿಡಿದು ಎಳೆದುಕೊಂಡು ಹೋದರು. ಹಸಿ ಬಣ್ಣ ಅವರ ಗೋಡೆಗೆಲ್ಲಾದರೂ ಹತ್ತಿದ್ದರೆ ಕೆರೆಯಬೇಕೆಂದು ಚಾಕು ಚೀಲದಲ್ಲಿತ್ತು. ನಾವು ಒಳಗೆ ಕಾಲಿಡುವ ಹೊತ್ತಿಗೆ ಶಿರಹಟ್ಟಿಯ ಚಿಗವ್ವ ಚಿತ್ರದ ಮುಂದೆ ನಿಂತಿದ್ದರು. ನೋಡನೋಡುತ್ತಲೇ ವಿಭೂತಿ ಗಟ್ಟಿಯ ಮೇಲೆ ಮೂರು ಬೆರಳು ಗಸಗಸ ತಿಕ್ಕಿ, ನನ್ನ ಹಸಿ ಬಣ್ಣದ ಹಣೆಯ ಮೇಲೆ ಬರ್ರನೆ ಎಳೆದರು.

“ಮುಟ್ಟಬೇಡಿ” ಎಂದು ಕೂಗಿಕೊಂಡೆ. ಚೀಲದಿಂದ ಚಾಕು ಯಾವಾಗ ಕೈಗೆ ಬಂತೋ ತಿಳಿಯದು. ಬೀಗರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಬೂದಿ ಒಳಗೆ ಇಳಿಯುವ ಮೊದಲು ಕೆರೆದು ತೆಗೆಯಬೇಕೆಂದು ನುಗ್ಗಿದೆ. ಸಾವಕಾರರು ನನಗೂ ಚಿತ್ರಕ್ಕೂ ನಡುವೆ ಅಡ್ಡ ಬಂದರು.

“ಬ್ಯಾಡ್ರಿ” ಎಂದರು. ಅವರು ನನ್ನನ್ನು ನೋಡುತ್ತಿರಲಿಲ್ಲ. “ಅವ್ವ ನೋಡ್ರಿ. ಮಗ್ಗಕ್ಕ ಹೊಂಟಾಳ.”

ಆಗ ನೋಡಿದೆ. ನನ್ನ ನೇರ ಗೆರೆಗಳನ್ನು ಅಳಿಸಿಕೊಂಡು ಚಿಗವ್ವನ ಬೆರಳು ಸೊಟ್ಟಗೆ ಹರಿದಿತ್ತು. ಒಂದು ಪಟ್ಟಿ ಹುಬ್ಬಿನ ಮೇಲೆ ಏರಿತ್ತು, ಬೂದಿ ಮೂಗಿನ ಮೇಲೆ ಉದುರಿತ್ತು. ಎಳೆತಕ್ಕೆ ಬಣ್ಣ ಸರಿದು ಒಂದು ಹುಬ್ಬು ಚೂರು ಎತ್ತರವಾಗಿತ್ತು. ಒಂದು ತಿಂಗಳು ಗೊಂಬೆಯಂತೆ ಕೂತಿದ್ದ ಹೆಂಗಸು ಈಗ ಅವಸರದಲ್ಲಿದ್ದಳು. ಶಿರಹಟ್ಟಿಯ ಕಟ್ಟೆಯ ಮೇಲೆ ಚಿಗವ್ವ ನನಗೆ ಕೊಟ್ಟಿದ್ದು ಇದನ್ನೇ, ನಾನು ಗಲ್ಲದ ಅಳತೆ ತೆಗೆದುಕೊಂಡು ಬಂದಿದ್ದೆ. ಸಾವಕಾರರು ಎಲ್ಲರೆದುರು ನೆಲದ ಮೇಲೆ ಕೂತು ಅತ್ತರು. ನಾನೂ ಅತ್ತೆ. ಚಿಗವ್ವ ಮಾತ್ರ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಎಣ್ಣಿ ಭಾಳ ಹಾಕೀಯವ್ವ, ಕೈಯೆಲ್ಲಾ ಜಿಡ್ಡಾತು” ಎಂದರು.

ಚಿತ್ರ ಮನೆಗೆ ವಾಪಸು ಬರಲಿಲ್ಲ. ಪೆಟ್ಟಿಗೆ ಅಟ್ಟದಿಂದ ಇಳಿಯಿತು.

ಅಲ್ಲಿಂದ ನನ್ನ ಕೆಲಸದ ರೀತಿಯೇ ಬೇರೆಯಾಯಿತು. ಮುಖವನ್ನು ಕುಂಚದಲ್ಲಿ ಬರೆಯುತ್ತೇನೆ, ಹಣೆಯನ್ನು ಚಾಕುವಿನಿಂದ ದಪ್ಪಗೆ ಮೆತ್ತಿ ಬರಿದಾಗಿ ಬಿಡುತ್ತೇನೆ. ಒಣಗುವ ಮೊದಲೇ ಮನೆಯವರು ಬಂದು ತಮ್ಮ ಕೈಯಿಂದ ವಿಭೂತಿಯನ್ನೋ ಕುಂಕುಮವನ್ನೋ ಇಡಬೇಕು. ಅಳತೆ ಹಿಡಿಯುವುದನ್ನು ಕಡಿಮೆ ಮಾಡಿ, ಕೂತು ಮಾತು ಕೇಳುವುದನ್ನು ಕಲಿತೆ. ಲಕ್ಷ್ಮೇಶ್ವರದಿಂದ ಕರೆ ಬಂತು, ಮುಂಡರಗಿಯಿಂದ ಬಂತು. ಹರ್ತಿಯ ಒಬ್ಬ ಗೌಡರು ಅಜ್ಜಿಯ ಚಿತ್ರಕ್ಕೆ ಕುಂಕುಮ ಇಡಲು ಮನೆಮಂದಿಯನ್ನೆಲ್ಲ ಚಕ್ಕಡಿಯಲ್ಲಿ ತುಂಬಿಕೊಂಡು ಬಂದರು. ಗಿಲಾವ ಎಂದಿದ್ದ ಸಾವಕಾರರೇ ಒಂದು ದಿನ ಬಂದು, “ಆ ಕೂದಲಿನ ಕೆರಿ ಐತಲ್ರಿ, ಅದನ್ನ ಕೊಡ್ರಿ” ಎಂದು ನನ್ನ ಮೊದಲ ಚಿತ್ರವನ್ನು ಒಯ್ದು ಮುಂಬಯಿಯ ಚಿತ್ರಗಳ ನಡುವೆ ತೂಗುಹಾಕಿದರು. ಬಂದವರಿಗೆಲ್ಲ, ಮುಟ್ಟಬ್ಯಾಡ್ರಿ, ಅದು ಖರೆ ಹತ್ತಿ ಎಂದು ಹೇಳುತ್ತಾರಂತೆ. ಅಂದು ನಾನು ಓಣಿಯಲ್ಲಿ ನಡೆದು ಬಂದದ್ದನ್ನು ನೀವು ನೋಡಬೇಕಿತ್ತು; ಮೈಸೂರು ದಸರೆಯ ಆನೆಗೂ ಅಷ್ಟು ಗತ್ತು ಇರಲಿಲ್ಲ.

ನಂತರ ಏಕೀಕರಣವಾಯಿತು. ನಾನು ಮೈಸೂರು ಬಿಟ್ಟು ಬಂದಿದ್ದೆ, ಈಗ ಮೈಸೂರು ರಾಜ್ಯವೇ ನನ್ನನ್ನು ಹುಡುಕಿಕೊಂಡು ಗದಗಿಗೆ ಬಂದಿತ್ತು. ಗಂಗವ್ವ ಗೋಧಿ ಹುಗ್ಗಿ ಬಡಿಸುತ್ತ, “ನಾವು ಮೈಸೂರಿನಾವ್ರು ಆದ್ವಿ, ನೀವು ಗದಗಿನಾವ್ರು ಆಗೀರಿ. ಈಗ ಯಾರ ಮನಿಗೆ ಯಾರು ಬಂದಂಗಾತು?” ಎಂದು ಕೇಳಿದರು. ನನಗೂ ತಿಳಿಯಲಿಲ್ಲ.

ಅದಾದ ಮೇಲೆ ಅಪ್ಪ ಬಂದರು, ಒಂದು ವಾರಕ್ಕೆಂದು. ಪೆಟ್ಟಿಗೆ ಮುಚ್ಚಿಡಬೇಕಾಗುತ್ತದೆ ಎಂದವರನ್ನು ಎದುರಿಗೆ ಕೂರಿಸಿಕೊಂಡು ಅವರದೇ ಚಿತ್ರ ಬರೆದೆ, ಕುಂಚ ಮತ್ತು ಚಾಕು ಎರಡರಿಂದಲೂ. ಮೂರನೆಯ ದಿನ, ಹಣೆಯೊಂದು ಉಳಿದಿತ್ತು. ಅಪ್ಪ ಜೀವಮಾನವಿಡೀ ಹಚ್ಚಿದ್ದು ನೂಲಿನಷ್ಟು ತೆಳ್ಳಗೆ ಒಂದೇ ಗೆರೆ ಗಂಧ. ಅದನ್ನು ಅವರ ಕೈಯಿಂದಲೇ ಇಡಿಸಬೇಕೆಂದು ಗಂಧ ತೇಯಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಗಂಗವ್ವ, ಬರಿದಾದ ಹಣೆ ಕಂಡು ಮನಸ್ಸು ತಡೆಯದೆ, ಮೂರು ಪಟ್ಟಿ ವಿಭೂತಿ ಎಳೆದುಬಿಟ್ಟಿದ್ದರು. ನನ್ನ ಮೈಸೂರಿನ ಅಪ್ಪ ಚಿತ್ರದಲ್ಲಿ ಗದಗಿನ ಹಿರಿಯರಾಗಿ ಕೂತಿದ್ದರು.

ಒಣಗದ ಚಿತ್ರ ಮುಟ್ಟಿದವರ ಕೈ ಮುರಿಯಬೇಕು ಎಂದಿದ್ದ ಅಪ್ಪ, ಎದ್ದು ಬಂದು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತರು. ನಾನು ಗಂಧದ ಬಟ್ಟಲನ್ನು ಕೆಳಗಿಟ್ಟೆ.

“ಒಣಗೋಕೆ ಎಷ್ಟು ದಿನ ಬೇಕು?” ಎಂದರು.

“ಇಲ್ಲಿನ ಎಣ್ಣೆಗೆ ಎರಡು ತಿಂಗಳಾದರೂ ಬೇಕಪ್ಪ.”

“ಹಾಗಾದ್ರೆ ಅಲ್ಲೀವರೆಗೂ ಇಲ್ಲೇ ಇರ್ತೀನಿ” ಎಂದು ಹೇಳಿ, ಗಂಗವ್ವನ ಕಡೆ ತಿರುಗಿ, “ನಿಮ್ಮ ಕೈ ಚೆನ್ನಾಗಿದೆ ತಾಯಿ” ಎಂದರು. ನನ್ನ ಕೈಯ ಬಗ್ಗೆ ಏನೂ ಹೇಳಲಿಲ್ಲ. ಹೇಳಬೇಕಾದ್ದೆಲ್ಲ ಆ ಎರಡು ತಿಂಗಳಲ್ಲಿತ್ತು.

ಆ ಚಿತ್ರ ಈಗ ಮೈಸೂರಿನ ನಮ್ಮ ಮನೆಯಲ್ಲಿದೆ. ಬಂದವರು, “ಯಾರು ಈ ಉತ್ತರದ ಸೀಮೆಯವರು?” ಎಂದು ಕೇಳಿದರೆ ಅಪ್ಪ, “ನಾನೇ, ಮಗಳ ಊರಲ್ಲಿದ್ದಾಗ” ಎನ್ನುತ್ತಾರಂತೆ. ಮಗಳ ಊರು ಎಂದು ಅವರ ಕಾಗದದಲ್ಲಿ ಓದಿದಾಗ ಹೆಮ್ಮೆಯಾಯಿತು. ಹಾಗಾದರೆ ಮೈಸೂರು ಇನ್ನು ನನ್ನ ಊರಲ್ಲವೇ ಎಂದು ಆ ಸಾಲನ್ನು ಮತ್ತೊಮ್ಮೆ ಓದಿದೆ. ಅದೇ ಕಾಗದದ ಕೊನೆಗೆ ಬರೆದಿದ್ದರು: ಚಿತ್ರದಲ್ಲಿ ಕೋಟಿನ ಕಾಲರಿನ ಮೇಲೆ ಒಂದು ಎಳೆ ಹತ್ತಿ ಅಂಟಿಕೊಂಡಿದೆ, ಈಗ ಕಣ್ಣಿಗೆ ಬಿತ್ತು, ಚಿಮ್ಮಟದಲ್ಲಿ ತೆಗೆಯಲೇ?

ಬೇಡ ಎಂದು ಬರೆದೆ. ಅದು ನಾನು, ಅಲ್ಲೇ ಇರಲಿ.