ಹ್ಯಾಂ ರೇಡಿಯೊ ಲಿಂಗಯ್ಯ
ಮನೆಯಲ್ಲೇ ಕೂತು ರೇಡಿಯೊದಲ್ಲಿ ಊರೂರಿನವರ ಜೊತೆ ಮಾತಾಡುವ ಸರಗೂರಿನ ಹ್ಯಾಂ ರೇಡಿಯೊ ಲಿಂಗಯ್ಯನವರ ಹೆಸರು ಕೇಳಿದಿರೋ ಮುಗಿಯಿತು, ಗಾಳಿಯಲ್ಲಿ ಕಳೆದುಹೋಗದಂತೆ ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಹಚ್ಚಿ, 'ಲಿಮಾ, ಇಂಡಿಯಾ, ನವೆಂಬರ್' ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಕೋಟೆ ಬಸ್ಸು ಹೊರಟೇ ಹೋಗಿರುತ್ತದೆ. ಯಾರಾದರೂ 'ಆರ್ ಅಂದ್ರೆ ರಾಗಿ' ಎಂದರೆ, 'ರೋಮಿಯೋ ಅನ್ನಯ್ಯಾ, ರೂಲ್ಸು ಕಣಯ್ಯಾ!' ಎಂದು ರೇಗುತ್ತಿದ್ದರು. 'ಆ ಡಬ್ಬಾನೇ ಕಟ್ಕಬೇಕಿತ್ತು ಕಣ್ರೀ ನೀವು' ಎಂದು ಹೆಂಡತಿ ರಾಚಮ್ಮ ಅಣಕಿಸುತ್ತಿದ್ದರು. ಹೋದ ಮಳೆಗಾಲ ರಾಚಮ್ಮ ಹನಗೋಡಿನ ತವರಿನಲ್ಲಿದ್ದಾಗ ಹೊಳೆ ಉಕ್ಕಿ ಫೋನೆಲ್ಲ ಸತ್ತವು. ಅಲ್ಲಿನ ಹ್ಯಾಂ ಗೆಳೆಯನೊಬ್ಬ, ನೆರೆಯಿಂದ ಪಾರಾಗಿ ಶಾಲೆಗೆ ಬಂದು ಸೇರಿದವರ ಹೆಸರುಗಳನ್ನು ರೇಡಿಯೊದಲ್ಲಿ ಒಂದೊಂದೇ ಅಕ್ಷರವಾಗಿ ಓದತೊಡಗಿದ. ಮೂವತ್ತನೆಯ ಹೆಸರು 'ರೋಮಿಯೋ' ಎಂದು ಶುರುವಾಯಿತು; ಕೊನೆಯ 'ಆಲ್ಫಾ' ಬಂದು ರಾಚಮ್ಮನ ಹೆಸರು ಪೂರ್ತಿಯಾಗುವವರೆಗೂ ಲಿಂಗಯ್ಯ ಉಸಿರು ಬಿಡಲಿಲ್ಲ. ಅಂದಿನಿಂದ ಅವರು ಆರ್‌ಗೆ ರಾಚಮ್ಮ ಎನ್ನುತ್ತಾರೆ. ಯಾರಾದರೂ ತಿದ್ದಿದರೆ, 'ರೂಲ್ಸು ನಂಗೂ ಗೊತ್ತು ಬುಡಯ್ಯಾ' ಎಂದು ಮುಂದಿನ ಅಕ್ಷರಕ್ಕೆ ಹೋಗುತ್ತಾರೆ.